ಭಾಗವ್ವ ಬಳೆ ತೆಗೆದಿಟ್ಟ ದಿನ

ನೋಯುವ ಗಾಯಕ್ಕೆ ನಾವು ಹೆದರುತ್ತೇವೆ. ತೊಳೆಯುತ್ತೇವೆ, ಬಟ್ಟೆ ಕಟ್ಟುತ್ತೇವೆ, ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತೇವೆ. ನೋಯದ ಗಾಯವನ್ನು ಮಾತ್ರ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಭಾಗವ್ವನೂ ಇಡಲಿಲ್ಲ.

ಭಾಗವ್ವ ಮತ್ತು ಅವಳ ಗಂಡ ಧರ್ಮಣ್ಣ ಆಳಂದ ಕಡೆಯವರು. ಛತ್ರಪತಿ ಸಂಭಾಜಿನಗರದ ಹತ್ತಿರ ಬಿಡಕಿನ್‌ನಲ್ಲಿ ಹೊಸ ಕಾರ್ಖಾನೆಗಳು ಏಳುತ್ತಿವೆಯಲ್ಲ, ಅಲ್ಲಿ ಅವನು ಸರಳು ಕಟ್ಟುತ್ತಾನೆ, ಅವಳು ಕಾಂಕ್ರೀಟಿನ ಬುಟ್ಟಿ ಹೊರುತ್ತಿದ್ದಳು. ಕೆಲಸದ ಜಾಗದ ಪಕ್ಕದಲ್ಲೇ ತಗಡಿನ ಶೆಡ್ಡಿನಲ್ಲಿ ವಾಸ. ಭಾಗವ್ವನಿಗೆ ಸಕ್ಕರೆ ಕಾಯಿಲೆ ಇತ್ತು. ನೆನಪಾದರೆ ಮಾತ್ರೆ, ಇಲ್ಲದಿದ್ದರೆ ಇಲ್ಲ. ಪಾದಗಳು ಯಾವಾಗಲೂ ಜೋಮು ಹಿಡಿದಂತೆ ಇರುತ್ತಿದ್ದವು. ಒಂದು ದಿನ ಹಸಿ ಸಿಮೆಂಟು ಬಲಗಾಲಿನ ಚಪ್ಪಲಿಯೊಳಗೆ ಹೊಕ್ಕು ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಕೂತಿತು. ಚರ್ಮ ಸುಟ್ಟದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಮನೆಗೆ ಬಂದು ನೆಲದ ಮೇಲೆ ರಕ್ತದ ಹೆಜ್ಜೆ ಕಂಡಾಗ ಸುಣ್ಣ ಅರಿಶಿಣ ಮೆತ್ತಿ ಸುಮ್ಮನಾದಳು.

ಪಕ್ಕದ ಶೆಡ್ಡಿನಲ್ಲಿ ವಿದ್ಯಾವತಿ ಇದ್ದಳು. ಅಫಜಲಪುರದವಳು, ಶ್ರೀಮಂತ ಎಂಬ ಹೆಸರಿನ ಗಂಡ ತೀರಿಹೋದ ಮೇಲೂ ಊರಿಗೆ ಹೋಗದೆ ಇಲ್ಲೇ ಉಳಿದವಳು. ಆಮೇಲೆ ಕೂಲಿಕಾರರನ್ನು ನೋಡಲು ಬರುವ ಆರೋಗ್ಯ ತಂಡದ ಜೊತೆ ಓಡಾಡಿ ಮರಾಠಿಯೂ ಬರುತ್ತಿತ್ತು, ನಾಲ್ಕು ವಿಷಯವೂ ತಿಳಿದಿತ್ತು. ಅವಳ ಕಣ್ಣು ಭಾಗವ್ವನ ಕಾಲಿನ ಮೇಲೆ ಬಿತ್ತು.

“ಏ ಭಾಗಿ, ಕಾಲಿಗೇನಾಗ್ಯಾದ?”

“ಏನಿಲ್ಲಕ್ಕಾ, ಸಿಮೆಂಟ್ ತಿಂದದ. ನೋವಿಲ್ಲ, ಏನಿಲ್ಲ.”

“ನೋವಿಲ್ಲ ಅಂತಿಯಲ್ಲ, ಅದಕ್ಕೇ ನಾ ಅಂಜಲಾಕತ್ತೀನಿ. ಶುಗರ್ ಇದ್ದವ್ರಿಗೆ ಕಾಲಿನ ನರ ಸತ್ತಿರ್ತಾವ. ಗಾಯ ಒಳಗ ತಿಂದ್ಕೋತ ಹೋದ್ರೂ ತಿಳಿಯಂಗಿಲ್ಲ. ಮೊದ್ಲ ಆ ಸುಣ್ಣ ತೊಳಿ. ಸಿಮೆಂಟ್ ಸುಟ್ಟದ್ದು ಸಾಲ್ದು ಅಂತ ನೀ ಮತ್ತಷ್ಟು ಸುಡ್ತೀಯೇನು?”

ವಿದ್ಯಾವತಿಯ ಕಾಟ ತಾಳಲಾರದೆ ಗಂಡ ಹೆಂಡತಿ ಸಂಭಾಜಿನಗರದ ದೊಡ್ಡ ಆಸ್ಪತ್ರೆಗೆ ಹೋದರು. ಡಾಕ್ಟರು ಸತ್ತ ಚರ್ಮ ತೆಗೆದು ಡ್ರೆಸ್ಸಿಂಗ್ ಮಾಡಿದರು, ಇನ್ಸುಲಿನ್ ಶುರು ಮಾಡಿದರು, ಕಾಲಿಗೆ ರಕ್ತ ಎಷ್ಟು ಹರಿಯುತ್ತದೆ ಎಂದು ಪರೀಕ್ಷಿಸಿದರು. ವಾರಗಳು ಉರುಳಿದರೂ ಗಾಯ ಮುಚ್ಚಲಿಲ್ಲ. ಆಗ ಡಾಕ್ಟರು, ನಾಸಿಕ್‌ನ ಒಂದು ಆಸ್ಪತ್ರೆಯಲ್ಲಿ ಆಕ್ಸಿಜನ್ ಕೋಣೆ ಇದೆ, ಅಲ್ಲಿಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರು. ಖರ್ಚಿಗೆ ದಾರಿಯನ್ನೂ ಆಸ್ಪತ್ರೆಯವರೇ ತೋರಿಸಿದರು.

ಧರ್ಮಣ್ಣನಿಗೆ ನಗು ಬಂತು. “ಗಾಳಿ ಕುಡಿದ್ರ ಗಾಯ ಆರ್ತದೇನಕ್ಕಾ? ಬಿಡಕಿನ್‌ದಾಗ ಗಾಳಿಗೇನು ಬರ ಬಂದಾದ?”

“ಇದು ಬಯಲ ಗಾಳಿ ಅಲ್ಲೋ ತಮ್ಮಾ,” ಎಂದಳು ವಿದ್ಯಾವತಿ. “ಗಾಯ ಆರಬೇಕಂದ್ರ ಅಲ್ಲಿಗೆ ರಕ್ತ ಮುಟ್ಟಬೇಕು, ರಕ್ತದ ಜೋಡಿ ಆಕ್ಸಿಜನ್ ಮುಟ್ಟಬೇಕು. ಈಕಿ ಕಾಲಿಗೆ ಅದು ಸಾಲವಲ್ದು. ಅಲ್ಲಿ ಗಾಜಿನ ಕೊಳವಿಯಂಥಾ ಕೋಣ್ಯಾಗ ಮಲಗಿಸ್ತಾರ. ಒಳಗ ಗಾಳಿಯ ಒತ್ತಡ ಏರಿಸಿ ಬರೀ ಆಕ್ಸಿಜನ್ ಬಿಡ್ತಾರ. ಅದು ರಕ್ತದಾಗ ಜಾಸ್ತಿ ಕರಗಿ ಗಾಯದ ತನಕ ಹೋಗ್ತದ, ಹೊಸಾ ಚರ್ಮ ಬರ್ಲಿಕ್ಕೆ ಆಸರ ಆಗ್ತದ. ಒಂದ್ ಸಲಕ್ಕ ಆಗಂಗಿಲ್ಲ, ದಿನಾ ಹೋಗ್ಬೇಕು.”

“ಆರೇ ಆರ್ತದಂತೇನು?” ಭಾಗವ್ವ ಕೇಳಿದಳು.

“ಎಲ್ಲಾರಿಗೂ ಆರ್ತದಂತ ಯಾವ ಡಾಕ್ಟರೂ ಬರದ್ಕೊಡಂಗಿಲ್ಲ. ನಿನ್ನ ಗಾಯಕ್ಕ ನಡೀತದಂತ ನೋಡೇ ಕಳಿಸ್ಯಾರ. ಹೋಗ್ ತಂಗಿ.”

ಇಬ್ಬರೂ ಎಸ್‌ಟಿ ಬಸ್ ಹತ್ತಿ ನಾಸಿಕ್ ಸೇರಿ ಪಂಚವಟಿಯ ಧರ್ಮಶಾಲೆಯಲ್ಲಿ ಇಳಿದುಕೊಂಡರು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಕೆಟ್ಟದ್ದು ಆಕ್ಸಿಜನ್ ಕೋಣೆಯ ಬಾಗಿಲಲ್ಲಿ.

ಅಲ್ಲಿದ್ದ ಸಿಸ್ಟರ್ ವಸಂತಿ ಮೃದು ಮಾತಿನ ಹೆಂಗಸು. ಭಾಗವ್ವನ ಕಿವಿ, ಎದೆ, ಸಕ್ಕರೆ ಎಲ್ಲ ಪರೀಕ್ಷೆಯಾದ ಮೇಲೆ ಹತ್ತಿಯ ಬಿಳಿ ನಿಲುವಂಗಿಯೊಂದನ್ನು ಕೈಗೆ ಕೊಟ್ಟು, “ತಾಈ, ಸಗಳಂ ಕಾಢಾ” ಎಂದಳು. ಅಕ್ಕಾ, ಎಲ್ಲಾ ತೆಗೀರಿ ಅಂತ. ತಲೆಯ ಹೂ ತೆಗೀರಿ. ಕೂದಲಿಗೆ ಎಣ್ಣೆ ಇರಬಾರದು, ತೊಳೆದು ಬನ್ನಿ. ಹಣೆಯ ಕುಂಕುಮ ಒರೆಸಿ. ಬಳೆ ತೆಗೀರಿ, ಮಂಗಳಸೂತ್ರ ತೆಗೀರಿ, ಕಾಲುಂಗುರ ತೆಗೀರಿ.

ಭಾಗವ್ವನ ಕೈ ಕೊರಳ ತಾಳಿಗೆ ಹೋಯಿತು. ಈ ಮಾತುಗಳನ್ನು ಇದೇ ಸಾಲಿನಲ್ಲಿ ಅವಳು ಹಿಂದೊಮ್ಮೆ ಕೇಳಿದ್ದಳು. ಶ್ರೀಮಂತ ತೀರಿಕೊಂಡಾಗ ವಿದ್ಯಾವತಿಯನ್ನು ಶೆಡ್ಡಿನ ಮುಂದೆ ಕೂರಿಸಿ, ಊರಿನಿಂದ ಬಂದ ಮುದುಕಿಯರು ಒಂದೊಂದಾಗಿ ಹೀಗೇ ತೆಗೆಸಿದ್ದರು. ಹೂ, ಕುಂಕುಮ, ತಾಳಿ, ಕಾಲುಂಗುರ. ಬಳೆಗಳನ್ನು ಕಲ್ಲಿಗೆ ಬಡಿದು ಒಡೆಯುವಾಗ ವಿದ್ಯಾವತಿಯ ಕೈ ಹಿಡಿದುಕೊಂಡಿದ್ದವಳು ಭಾಗವ್ವನೇ.

ಒತ್ತಿ ತುಂಬಿದ ಆಕ್ಸಿಜನ್ನಿನಲ್ಲಿ ಒಂದು ಕಿಡಿ ಸಾಕು, ಬೆಂಕಿ ಹತ್ತುತ್ತದೆ, ಅದಕ್ಕೇ ಎಣ್ಣೆ ಬೇಡ, ಲೋಹ ಬೇಡ, ನೈಲಾನ್ ಸೀರೆ ಬೇಡ, ಮೊಬೈಲ್ ಬೇಡ ಎಂದು ವಸಂತಿ ವಿವರಿಸುತ್ತಲೇ ಇದ್ದಳು. ಒಂದು ಮಾತೂ ಭಾಗವ್ವನ ಕಿವಿಗೆ ಹೋಗಲಿಲ್ಲ. ನಿಲುವಂಗಿಯನ್ನು ಬೆಂಚಿನ ಮೇಲೆ ಒಗೆದು ಕುಂಟುತ್ತಾ ಹೊರಗೆ ಬಂದುಬಿಟ್ಟಳು.

“ನಡೀರಿ, ಹೊಳ್ಳಿ ಹೋಗೋಣ,” ಎಂದಳು ಗಂಡನಿಗೆ.

“ಯಾಕ, ಏನಾತು?”

“ನೀವು ಗಟ್ಟಿಮುಟ್ಟಾಗಿ ನನ್ನ ಮುಂದ ನಿಂತೀರಿ. ನಾ ಬಳಿ ತೆಗೆದು, ಕುಂಕುಮ ಅಳಿಸ್ಕೊಂಡು, ಬಿಳಿ ಅರಿವಿ ಹಾಕ್ಕೊಂಡು ಮಲಗ್ಲೇನು? ನಿಮಗೇನರ ಆದ್ರ? ಈ ಕಾಲು ಹೋದ್ರ ಹೋಗ್ಲಿ. ನೀವು ಇರ್ರಿ.”

ಧರ್ಮಣ್ಣ ಜೋರು ಮಾಡಬೇಕಿತ್ತು, ಮಾಡಲಿಲ್ಲ. ಸರಳು ಹಿಡಿದು ಎತ್ತರದಲ್ಲಿ ನಿಲ್ಲುವ ಮನುಷ್ಯ, ಅವನಿಗೂ ಒಳಗೆ ಅಳುಕಿತ್ತು. ತನ್ನ ಜೀವಕ್ಕಾಗಿ ಹೆಂಡತಿ ಕಾಲು ಕೊಡಲು ನಿಂತಿದ್ದಾಳೆ ಎಂಬುದು ಅವನಿಗೆ ಪ್ರೀತಿಯಾಗಿ ಕಂಡಿತು. ಪ್ರೀತಿಯೇ ಹೌದು. ಆದರೆ ಎಂಥ ದಂಡದ ಪ್ರೀತಿ! ಇಬ್ಬರೂ ಮರುದಿನವೇ ಬಿಡಕಿನ್‌ಗೆ ವಾಪಸ್ ಬಂದರು. ಕೇಳಿದವರಿಗೆಲ್ಲ, ಯಂತ್ರ ಕೆಟ್ಟಿತ್ತು ಎಂದು ಸುಳ್ಳು ಹೇಳಿದರು. ವಿದ್ಯಾವತಿಗೂ ಅದೇ ಸುಳ್ಳು.

ಬಲಗಾಲಿನ ಬೆರಳುಗಳು ಒಂದೊಂದಾಗಿ ಕಪ್ಪಾದವು. ಶೆಡ್ಡಿನಲ್ಲಿ ವಾಸನೆ ತುಂಬಿತು. ಭಾಗವ್ವ ಊದುಬತ್ತಿ ಹಚ್ಚಿ ಹಚ್ಚಿ ಅದನ್ನು ಮುಚ್ಚಿಡಲು ನೋಡಿದಳು. ನೋವು ಮಾತ್ರ ಆಗಲೂ ಇರಲಿಲ್ಲ. ಜ್ವರ ಬಂದು ಕಂಬಳಿ ಹೊದ್ದು ಮಲಗಿದ ಮಧ್ಯಾಹ್ನ ವಿದ್ಯಾವತಿ ಒಳಗೆ ಬಂದಳು. ಕಂಬಳಿ ಸರಿಸಿ ಕಾಲು ನೋಡಿದಳು.

“ಯಂತ್ರ ಕೆಟ್ಟಿತ್ತಾ, ನಿನ್ನ ತಲಿ ಕೆಟ್ಟಿತ್ತಾ? ಖರೇ ಹೇಳು.”

ಭಾಗವ್ವ ಅಳುತ್ತಾ ಎಲ್ಲವನ್ನೂ ಹೇಳಿದಳು. ವಿದ್ಯಾವತಿ ತನ್ನ ಬೋಳು ಕೈಗಳನ್ನು ಅವಳ ಮುಂದೆ ಚಾಚಿದಳು.

“ನೋಡು. ನಮ್ಮನಿಯವ್ರು ಹೋದದ್ದು ಜ್ವರಕ್ಕ ಅಂತ ನೀವೆಲ್ಲಾ ತಿಳ್ಕೊಂಡೀರಿ. ನಾನೂ ಹಂಗೇ ಹೇಳೀನಿ. ಜ್ವರ ಅಲ್ಲ ತಂಗಿ. ಅವರಿಗೂ ಶುಗರ್ ಇತ್ತು. ವಾಚ್‌ಮನ್ ಕೆಲಸದ ಬೂಟಿನೊಳಗ ಹಿಮ್ಮಡಿ ಕೊಳೆತಿತ್ತು. ನೋವಿಲ್ಲ ಅಂದ್ರು, ಅರಿಶಿಣ ಹಚ್ಚಿದ್ರು, ನಾನೂ ಹಚ್ಚಿದೆ. ನಂಜು ಮೈಯೆಲ್ಲಾ ಏರಿತು. ಅವರು ಹೋದ ಹೊತ್ತಿಗೆ ನನ್ನ ಕೈತುಂಬ ಬಳಿ ಇದ್ವು. ಕೊಳ್ಳಾಗ ತಾಳಿ ಇತ್ತು. ಕಾಲಾಗ ಎರಡೆರಡು ಜೋಡಿ ಕಾಲುಂಗ್ರ ಇದ್ವು. ಹಣಿಮ್ಯಾಗ ಕುಂಕುಮ ಇತ್ತು. ಇಷ್ಟೆಲ್ಲಾ ಹಾಕ್ಕೊಂಡು ಕುಂತಿದ್ದೆ ಭಾಗಿ, ಇಷ್ಟೆಲ್ಲಾ ಇದ್ದಾಗ್ಲೇ ಅವರು ಹೋದ್ರು. ಹಾಕ್ಕೊಂಡದ್ದು ಕಾಯಲಿಲ್ಲ. ತೆಗೆದಿಟ್ರ ಕೊಲ್ತದೇನು?”

ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಧರ್ಮಣ್ಣ ತಲೆ ತಗ್ಗಿಸಿದ. ವಿದ್ಯಾವತಿ ಅವನತ್ತ ತಿರುಗಿದಳು.

“ನೀನೂ ಕೇಳೋ ತಮ್ಮಾ. ನನ್ನ ಬಳಿ ಒಡೆದವ್ರು ಮಂದಿ. ಈಕಿ ಬಳಿ ನೀನೇ ತೆಗಿ. ಜೀವಂತ ಗಂಡ ತನ್ನ ಕೈಯ್ಯಾರೆ ತೆಗೆದು, ತನ್ನ ಕೈಯ್ಯಾರೆ ಮತ್ತ ಹಾಕಿದ್ರ ಅದ್ಯಾವ ಅಪಶಕುನ? ಏಳು, ಗಾಡಿ ನೋಡು.”

ಈ ಸಲ ಮೂವರೂ ನಾಸಿಕ್‌ಗೆ ಹೋದರು. ಆಸ್ಪತ್ರೆಯ ಡಾಕ್ಟರು ಕಾಲು ನೋಡಿದರು. ಸತ್ತ ಮಾಂಸಕ್ಕೆ ಆಕ್ಸಿಜನ್ ಜೀವ ಕೊಡುವುದಿಲ್ಲ ಎಂದರು. ಮೊದಲ ಸಲವೇ ನಿಂತಿದ್ದರೆ ಬೆರಳು ಉಳಿಯುತ್ತಿತ್ತೇ ಎಂದು ವಿದ್ಯಾವತಿ ಕೇಳಿದಳು. ಖಂಡಿತ ಎನ್ನಲಾರೆ, ಉಳಿಯುವ ದಾರಿಯಂತೂ ಇತ್ತು ಎಂದರು. ಈಗ ಬಲಪಾದದ ಮುಂದಿನ ಅರ್ಧ ತೆಗೆಯಲೇಬೇಕು. ಉಳಿದ ಅರ್ಧವನ್ನು ಕಾಪಾಡಲು ಆಮೇಲೆ ಆಕ್ಸಿಜನ್ ಕೋಣೆಯಲ್ಲಿ ಪ್ರಯತ್ನಿಸೋಣ ಎಂದರು.

ಆಪರೇಷನ್ನಿಗೆ ಮುಂಚೆ ವಸಂತಿ ಒಂದು ಬಟ್ಟಲಿನಲ್ಲಿ ಸಾಬೂನಿನ ನೀರು ತಂದಿಟ್ಟಳು. ಧರ್ಮಣ್ಣ ಹೆಂಡತಿಯ ಮುಂಗೈಗೆ ನೊರೆ ಹಚ್ಚಿ ಹಸಿರು ಬಳೆಗಳನ್ನು ಒಂದೊಂದಾಗಿ ಜಾರಿಸಿದ. ಒಂದೂ ಒಡೆಯಲಿಲ್ಲ. ತಾಳಿ ತೆಗೆದು ತನ್ನ ಕೊರಳಿಗೆ ಹಾಕಿಕೊಂಡ. ಎಡಗಾಲಿನ ಉಂಗುರ ಸುಲಭಕ್ಕೆ ಬಂತು. ಬಲಗಾಲಿನದು ಊದಿದ ಬೆರಳಿನಲ್ಲಿ ಹೂತುಹೋಗಿತ್ತು, ವಸಂತಿ ಅದನ್ನು ಕತ್ತರಿಸಿ ಅವನ ಕೈಗೆ ಕೊಟ್ಟಳು. ಭಾಗವ್ವ ಕಣ್ಣು ಮುಚ್ಚಲಿಲ್ಲ. ಗಂಡನ ಮುಖವನ್ನೇ ನೋಡುತ್ತಾ ಮಲಗಿದ್ದಳು.

ಅದಾದ ಮೇಲೆ ದಿನಾ ಆಕ್ಸಿಜನ್ ಕೋಣೆ. ಹೋಗುವ ಮುಂಚೆ ಊಟ, ಸಕ್ಕರೆಯ ಪರೀಕ್ಷೆ. ಒತ್ತಡ ಏರುವಾಗ ಘಾಟಿನ ಬಸ್ಸಿನಲ್ಲಿ ಆಗುವ ಹಾಗೆ ಕಿವಿ ಕಟ್ಟಿಕೊಳ್ಳುತ್ತಿತ್ತು, ಉಗುಳು ನುಂಗಿದರೆ ಬಿಡುತ್ತಿತ್ತು. ಗಾಜಿನಾಚೆ ಧರ್ಮಣ್ಣ ಕೂತಿರುತ್ತಿದ್ದ, ಅಂಗಿಯ ಮೇಲೆ ಹೆಂಡತಿಯ ತಾಳಿ, ಟವೆಲಿನಲ್ಲಿ ಬಳೆ. ಅವನನ್ನು ಕಂಡು ಬೇರೆಯವರು ಮುಸಿಮುಸಿ ನಕ್ಕರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಹೊರಗೆ ಬಂದ ಕೂಡಲೇ ಒಂದೊಂದನ್ನೂ ತಾನೇ ಹಾಕುತ್ತಿದ್ದ, ಕುಂಕುಮವನ್ನೂ ತಾನೇ ಇಡುತ್ತಿದ್ದ, ಒಮ್ಮೊಮ್ಮೆ ಸೊಟ್ಟಗೆ.

ಅಲ್ಲಿ ಒಬ್ಬಾಕೆ ಬಂದು, ಮುಖಕ್ಕೆ ಹೊಳಪು ಬರಲು ಆಕ್ಸಿಜನ್ ಕೊಡುತ್ತೀರಾ ಎಂದು ಕೇಳಿದಳು. ವಸಂತಿ ಕೈಮುಗಿದು, “ಇದು ಪಾರ್ಲರ್ ಅಲ್ಲ ತಾಈ” ಎಂದು ಕಳಿಸಿದಳು.

ನಿಧಾನಕ್ಕೆ ಗಾಯದ ಅಂಚಿನಲ್ಲಿ ಕೆಂಪು ಮಾಂಸ ಕಂಡಿತು. ಬಹಳ ದಿನಗಳ ಮೇಲೆ ಅದರ ಮೇಲೆ ತೆಳು ಚರ್ಮ ಕೂಡಿತು. ಹಿಮ್ಮಡಿ ಉಳಿಯಿತು. ಬುಟ್ಟಿ ಹೊರುವ ಕೆಲಸ ಭಾಗವ್ವನಿಗೆ ಇನ್ನು ಆಗುವುದಿಲ್ಲ, ಕೋಲು ಹಿಡಿದೇ ನಡೆಯಬೇಕು.

ಬಿಡಕಿನ್‌ಗೆ ಹೊರಡುವ ದಿನ ಧರ್ಮಣ್ಣ ಎಡಗಾಲಿಗೆ ಕಾಲುಂಗುರ ತೊಡಿಸಿದ. ಕತ್ತರಿಸಿದ ಇನ್ನೊಂದನ್ನು ಅಕ್ಕಸಾಲಿಗನ ಹತ್ತಿರ ಬೆಸೆಯಿಸಿ ತಂದಿದ್ದ. ಅದನ್ನು ಕೈಯಲ್ಲಿ ಹಿಡಿದು ಬಲಗಾಲಿನ ಹತ್ತಿರ ಕೂತ. ಕೂತೇ ಇದ್ದ.

“ಅದನ್ನೆಲ್ಲಿ ಹಾಕ್ತೀರಿ?” ಎಂದಳು ಭಾಗವ್ವ.

ಅವನು ಉಂಗುರವನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಇವತ್ತಿಗೂ ಅದು ಅಲ್ಲೇ ಇದೆ. ದಿನಾ ಕೆಲಸ ಮುಗಿಸಿ ಬಂದವನು ಮೊದಲು ಅವಳ ಪಾದ ತೊಳೆದು ನೋಡುತ್ತಾನೆ, ಆಮೇಲೆ ತನ್ನದು. ಭಾಗವ್ವ ಶೆಡ್ಡಿನ ಹೆಂಗಸರಿಗೆಲ್ಲ ತನ್ನ ಕಾಲು ತೋರಿಸಿ, “ನನ್ನಂಗ ಓಡಿ ಬರಬ್ಯಾಡ್ರವ್ವ” ಎನ್ನುತ್ತಾಳೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದರೆ ಇವತ್ತೇ ಅವರ ಪಾದ ನೋಡಿ. ಅಂಗಾಲು, ಬೆರಳ ಸಂದಿ, ಹಿಮ್ಮಡಿ ಎಲ್ಲ ನೋಡಿ. ನೋವಿಲ್ಲ ಎಂದು ಬಿಡಬೇಡಿ. ಸುಣ್ಣ, ಅರಿಶಿಣ, ತಂಬಾಕಿನ ಪುಡಿ ಯಾವುದೂ ಬೇಡ, ಆಸ್ಪತ್ರೆಗೆ ಹೋಗಿ. ಆಕ್ಸಿಜನ್ ಕೋಣೆ ಎಲ್ಲ ಗಾಯಕ್ಕೂ ಅಲ್ಲ, ಎಲ್ಲರಿಗೂ ಅಲ್ಲ. ಅದು ಬೇಕೋ ಬೇಡವೋ ಡಾಕ್ಟರು ಪರೀಕ್ಷಿಸಿ ಹೇಳುತ್ತಾರೆ. ಬೇಕೆಂದರೂ ಸಕ್ಕರೆಯ ಹತೋಟಿ, ಡ್ರೆಸ್ಸಿಂಗ್, ಔಷಧಿ ಬಿಡುವಂತಿಲ್ಲ, ಬೀಡಿ ತಂಬಾಕು ಮುಟ್ಟುವಂತಿಲ್ಲ. ಒಳಗೆ ಹೋಗುವ ಮುಂಚೆ ಬಳೆ, ತಾಳಿ, ಕಾಲುಂಗುರ ತೆಗೆಯಲು ಹೇಳಿದರೆ ಅಂಜಬೇಡಿ. ತೆಗೆದು ಮನೆಯವರ ಕೈಗೆ ಕೊಡಿ. ತೆಗೆದಿಟ್ಟ ಉಂಗುರವನ್ನು ಸಂಜೆಗೆ ಮತ್ತೆ ಹಾಕಿಕೊಳ್ಳಬಹುದು. ಹೋದ ಬೆರಳನ್ನು ಭಾಗವ್ವನಿಗೆ ಯಾರೂ ತಂದುಕೊಡಲಿಲ್ಲ.