ಹನ್ನೆರಡು ಚೀಲದ ನೆರಳು

ನಮ್ಮ ಓಣಿಯ ಅಂಗನವಾಡಿಯ ಅಂಗಳಕ್ಕೆ ಆ ಫ್ಲೆಕ್ಸ್ ಕಟ್ಟಿದವನು ನಾನೇ. ತಪ್ಪನ್ನು ಇನ್ನೊಬ್ಬರ ಮೇಲೆ ಹಾಕುವುದಿಲ್ಲ.

ಗಂಗಾವತಿಯ ಬಿಸಿಲು, ಒಂದೇ ಕೋಣೆ, ಇಪ್ಪತ್ತೆರಡು ಮಕ್ಕಳು. ಅದರಲ್ಲಿ ನನ್ನ ಮಗಳ ಮಗಳು ಸುಕನ್ಯಾಳೂ ಒಬ್ಬಳು. ನಾಲ್ಕು ವರ್ಷದವಳು. ಮಕ್ಕಳು ಅಂಗಳದಲ್ಲೇ ಕೂಡಬೇಕು, ಅಲ್ಲೇ ಮಲಗಬೇಕು. ಪಾನ್ ಮಸಾಲಾ ಏಜೆಂಟ್ ತಿರುಪತಿ ನೆರಳಿಗೆಂದು ಪುಕ್ಕಟೆ ಫ್ಲೆಕ್ಸ್ ಕೊಟ್ಟ. ಅದರ ಮೇಲೆ ಕೋಟು ಹಾಕಿದ ಹೀರೊ ಒಬ್ಬ ಪಾಕೀಟನ್ನು ಹಲ್ಲಿನಿಂದ ಹರಿದು ಬಾಯಿಗೆ ಸುರಿದುಕೊಳ್ಳುತ್ತಿದ್ದ. ಅದೇ ಹೆಸರಿನ ತಂಬಾಕಿನ ಪಾಕೀಟೂ ಅಂಗಡಿಗಳಲ್ಲಿ ಪಕ್ಕದಲ್ಲೇ ತೂಗಾಡುತ್ತದೆ. ಮಲಗಿದ ಮಕ್ಕಳಿಗೆ ನೋಡಲು ಏನಾದರೂ ಇರಲಿ ಎಂದು ಚಿತ್ರ ಕೆಳಮುಖವಾಗಿ ಬರುವಂತೆ ಕಟ್ಟಿದೆ. ನನ್ನ ಬುದ್ಧಿಗಿಷ್ಟು!

ಹದಿನೈದು ದಿನದ ಮೇಲೆ ಸುಕನ್ಯಾ ಕಾಗದದಲ್ಲಿ ಸಕ್ಕರೆ ಕಟ್ಟಿಕೊಂಡು, ಹಲ್ಲಿನಿಂದ ಹರಿದು, ತಲೆ ಹಿಂದಕ್ಕೆ ವಾಲಿಸಿ ಬಾಯಿಗೆ ಸುರಿದುಕೊಂಡಳು.

"ಏನ ಮಾಡಾಕತ್ತೀಯವ್ವ?"

"ನಾ ಹೀರೊ ಅಜ್ಜಾ."

ನಮ್ಮ ಮನೆಯಲ್ಲಿ ಯಾರೂ ಪಾನ್ ಮಸಾಲಾ ಮುಟ್ಟುವುದಿಲ್ಲ. ಹೊಡೆಯಲು ಎತ್ತಿದ ಕೈ ಹಾಗೇ ನಿಂತಿತು. ಹೊಡೆಯಬೇಕಾದದ್ದು ನನ್ನನ್ನು.

ಮರುದಿನ ಅಂಗನವಾಡಿಗೆ ಹೋದೆ. ಟೀಚರ್ ಶೈಲಜಾ, "ನಾ ಆವತ್ತ ಬ್ಯಾಡ ಅಂದಿದ್ದೆ ದುರಗೇಶಣ್ಣ. ನೀವು ಸಿಟ್ಟಿಗೆದ್ರಿ" ಎಂದಳು. ನಿಜ. ಫ್ಲೆಕ್ಸನ್ನು ಮಗುಚಿ ಕಟ್ಟಿದೆ. ಮಧ್ಯಾಹ್ನದ ಬಿಸಿಲು ಮೇಲಿಂದ ಬಿದ್ದದ್ದೇ ತಡ, ಹೀರೊ ಈ ಕಡೆಗೂ ಮೂಡಿದ.

"ಮೊದಲಿಗಿಂತ ಝಗಮಗ ಆದನಲ್ರಿ!" ಎಂದು ಟೀಚರ್ ನಕ್ಕಳು. "ಬಿಚ್ಚಿಬಿಡೋಣ ಅಂದ್ರ ಹುಡುಗ್ರು ಬಿಸಿಲಾಗ ಬೇಯ್ತಾವ."

ನಾನು ರೈಸ್ ಮಿಲ್ಲಿನ ಹಮಾಲ. ಇಪ್ಪತ್ತಾರು ವರ್ಷ ಅಕ್ಕಿ ಚೀಲದ ಬಾಯಿ ಹೊಲಿದಿದ್ದೇನೆ. ನನ್ನ ಹೊಲಿಗೆ ಬಿಚ್ಚಿ ಒಂದು ಕಾಳು ಚೆಲ್ಲಿಲ್ಲ. ಮಾಲೀಕರನ್ನು ಕೇಳಿ ಹನ್ನೆರಡು ಹಳೆಯ ಗೋಣಿಚೀಲ ತಂದೆ. ಕಾಲುವೆಯಲ್ಲಿ ತೊಳೆದು, ಸೀಳಿ, ಭಾನುವಾರ ಇಡೀ ದಿನ ದಬ್ಬಣ ಹಿಡಿದು ಕೂತೆ. ಸಂಜೆಗೆ ಅಂಗಳದ ತುಂಬ ಆಗುವಷ್ಟು ಒಂದೇ ಹಾಸು. ಫ್ಲೆಕ್ಸ್ ಬಿಚ್ಚಿ ಅದನ್ನು ಮೇಲೆ ಕಟ್ಟಿದೆ.

ಸೋಮವಾರ ತಿರುಪತಿ ಬೈಕಿನಲ್ಲಿ ಬಂದ.

"ಏನ್ರಿ ಕಾಕಾ, ಛಲೋ ಫ್ಲೆಕ್ಸ್ ಬಿಚ್ಚಿ ಭಿಕಾರಿ ಡೇರೆ ಹಾಕೀರಿ? ಇದಕ್ಕಿಂತ ದೊಡ್ಡದು ಕೊಡ್ತೀನಿ. ನೋಡ್ರಿ, ಹುಡುಗ್ರಿಗೆ ಟೋಪಿ ಸೈತ ತಂದೀನಿ."

ಟೋಪಿಯ ಮೇಲೂ ಅದೇ ಹೆಸರು.

"ಮೊದಲ ನಿನ್ನ ಮಗನ ತಲಿಮ್ಯಾಲೆ ಇಡು. ಆಮ್ಯಾಲೆ ಇಲ್ಲಿ ತಾ."

"ನಮ್ಮ ಹುಡುಗಗ ಬ್ಯಾಡ್ರಿ, ಅವ ಇನ್ನಾ ಸಣ್ಣಾವ..."

ಅಂದವನು ಅಲ್ಲೇ ಬಾಯಿ ಮುಚ್ಚಿದ. ಟೀಚರ್ ಸೆರಗು ಬಾಯಿಗೆ ಒತ್ತಿಕೊಂಡಳು. ತಿರುಪತಿ ಟೋಪಿಯ ಗಂಟು ಕಟ್ಟಿಕೊಂಡು ಬೈಕ್ ತಿರುಗಿಸಿದ.

ಮಕ್ಕಳು ಮಲಗಿದ್ದರು. ಗೋಣಿಯ ಎಳೆಗಳ ನಡುವಿನಿಂದ ಅವರ ಮೈಮೇಲೆಲ್ಲ ಬಿಸಿಲಿನ ಚುಕ್ಕಿ. ಸುಕನ್ಯಾ ಅಂಗಾತ ಮಲಗಿ, ಬೆರಳೆತ್ತಿ, ನನ್ನ ಹೊಲಿಗೆಯ ಗುಂಟ ಎಣಿಸುತ್ತಿದ್ದಳು. ಪಕ್ಕದ ಹುಡುಗನಿಗೆ, "ಇದು ನಮ್ಮಜ್ಜ ಹೊಲದದ್ದು" ಎಂದಳು.

ಹತ್ತಕ್ಕೆ ನಿಂತಳು. ಮತ್ತೆ ಒಂದರಿಂದ ಶುರು ಮಾಡಿದಳು. ಹೊಲಿಗೆ ಇನ್ನೂ ಬಹಳ ಉದ್ದ ಇದೆ, ಹನ್ನೊಂದು ಕಲಿಸಬೇಕು.