ಕಪ್ಪು ಚೀಲದ ಕ್ಯಾಮೆರಾ

ಚಿದಣ್ಣ ಕಪ್ಪು ಚೀಲದ ಗುಂಡಿ ಬಿಚ್ಚುತ್ತಿದ್ದಂತೆ ಅವನ ಹೆಂಡತಿ ವಿಮಲತ್ತಿಗೆ ಮಂಚದ ಮೇಲಿಂದ ಕೈ ಚಾಚಿ ಅದರ ಪಟ್ಟಿಯನ್ನು ಹಿಡಿದುಬಿಟ್ಟಳು.

“ಅದು ಬೇಡ ರೀ. ಇನ್ನೊಂದು ತನ್ನಿ.”

ಅವನು ಬಿಡಿಸಿಕೊಳ್ಳಲಿಲ್ಲ. ಅವಳ ತೊಡೆಯ ಮೇಲೆ ಅವರ ಮಗಳು ಬಿಳಿ ಬಟ್ಟೆಯಲ್ಲಿ ಮಲಗಿದ್ದಳು. ಬೆಳಗಿನ ಜಾವ ಉಸಿರು ನಿಂತಿತ್ತು. ಹೆಸರಿಡುವ ಮೊದಲು ಕೂಸಿನ ಫೋಟೊ ತೆಗೆಯಬಾರದೆಂದು ನಮ್ಮೂರಿನಲ್ಲಿ ಎಲ್ಲರೂ ನಂಬಿದ್ದರು. ಹಾಗಾಗಿ ಊರಿಗೆಲ್ಲ ಇದ್ದ ಒಂದೇ ಸ್ಟುಡಿಯೋದವನ ಮಗಳದೊಂದು ಫೋಟೊ ಕೂಡ ಇರಲಿಲ್ಲ. ಅಂಗಳದಲ್ಲಿ ನೆಂಟರು ಗುದ್ದಲಿ ಹಿಡಿದು ಕಾಯುತ್ತಿದ್ದರು.

ಸ್ಟುಡಿಯೋದಲ್ಲಿ ನಾನು ಚಿದಣ್ಣನ ಪಾಲುದಾರ. ನಮ್ಮಲ್ಲಿ ಎರಡು ಕ್ಯಾಮೆರಾಗಳಿದ್ದವು. ಕಂದು ಚೀಲದ್ದು ಮದುವೆ, ನಾಮಕರಣಗಳಿಗೆ. ಕಪ್ಪು ಚೀಲದ್ದು ಹೆಣಗಳಿಗೆ. ಕೆರೆಯಲ್ಲಿ ತೇಲಿದವರು, ಹಗ್ಗ ಬಿಗಿದುಕೊಂಡವರು ಎಂದು ಪೊಲೀಸರು ಹೇಳಿಕಳಿಸಿದಾಗಲೆಲ್ಲ ಹೊರಡುತ್ತಿದ್ದದ್ದು ಅದೇ. ಮದುವೆಮನೆಯ ಹೆಂಗಸರು ನಮ್ಮನ್ನು ಬಾಗಿಲಲ್ಲೇ ತಡೆದು, “ಇದು ಆ ಕ್ಯಾಮೆರಾ ಅಲ್ಲ ತಾನೆ?” ಎಂದು ಕೇಳುತ್ತಿದ್ದರು. ನನಗೆ ರೇಗುತ್ತಿತ್ತು. ಎರಡನ್ನೂ ಮಾರಿ ಎಲ್ಲಕ್ಕೂ ಆಗುವಂಥ ಒಂದೇ ಒಂದನ್ನು ಕೊಳ್ಳೋಣವೆಂದು ದಿನವೂ ಅವನ ತಲೆ ತಿನ್ನುತ್ತಿದ್ದೆ.

“ಕ್ಯಾಮೆರಾಕ್ಕೂ ಮೈಲಿಗೆಯೇನಣ್ಣ?”

“ಕ್ಯಾಮೆರಾಕ್ಕಿಲ್ಲ ಕಣೋ, ಗಿರಾಕಿಗಿದೆ. ನೀನು ಗಿರಾಕೀನ ಬದಲಾಯಿಸು, ನಾನು ಕ್ಯಾಮೆರಾ ಬದಲಾಯಿಸ್ತೀನಿ,” ಎಂದು ನಗುತ್ತಿದ್ದ.

ಅಂದು ನಾನು ಸ್ಟುಡಿಯೋಗೆ ಓಡಿಹೋಗಿ ಕಂದು ಚೀಲವನ್ನು ತಂದು ಅವನ ಮುಂದೆ ಹಿಡಿದೆ. ಅವನು ಮುಟ್ಟಲಿಲ್ಲ.

“ಇಲ್ಲಿ ಗಿರಾಕಿ ಯಾರಿದ್ದಾರೆ ಚಿದಣ್ಣ? ಮಗು ನಿನ್ನದು.”

“ಅದಕ್ಕೇ ಬೇಡ ಅಂತಿರೋದು. ಅದರೊಳಗೆ ಇವಳನ್ನ ನೋಡಿಬಿಟ್ರೆ, ನಾಳೆ ಯಾರ ಮನೆ ತೊಟ್ಟಿಲ ಮುಂದೆ ನಿಂತ್ರೂ ನನಗೆ ಇವಳೇ ಕಾಣ್ತಾಳೆ.”

“ನಾನು ತೆಗೀತೀನಿ ಬಿಡು.”

“ಕಣ್ಣು ನಿನ್ನದಾದ್ರೇನೋ? ಕ್ಯಾಮೆರಾ ಅದೇ ಅಲ್ವಾ?”

ಗಿರಾಕಿಗಳ ಹೆಸರಿನಲ್ಲಿ ಅವನು ಇಷ್ಟು ವರ್ಷ ಹೇಳುತ್ತಿದ್ದದ್ದು ತನ್ನದೇ ಭಯವನ್ನೆಂದು ನನಗೆ ಆಗ ಹೊಳೆಯಿತು. ಕಂದು ಚೀಲವನ್ನು ಕೆಳಗಿಟ್ಟೆ.

ಅಂಗಳದಿಂದ ಯಾರೋ, “ಹೊತ್ತಾಯ್ತು ಚಿದಾನಂದ, ಬಿಸಿಲು ಏರ್ತಾ ಇದೆ,” ಎಂದರು.

ಅವನು ಮಂಚದ ಬಳಿ ಮೊಣಕಾಲೂರಿ ಕಪ್ಪು ಚೀಲದಿಂದ ಕ್ಯಾಮೆರಾ ಹೊರತೆಗೆದ.

“ಒಂದೇ ಒಂದು, ವಿಮಲಾ. ಮಣ್ಣು ಮಾಡಿದ ಮೇಲೆ ಎಲ್ಲಿಂದ ತರಲಿ? ಆಮೇಲೆ ಮುಖ ನೆನಪಿಗೂ ಬರಲ್ಲ.”

ಅತ್ತಿಗೆ ಅಳುತ್ತಿರಲಿಲ್ಲ.

“ನೀವು ಇದರಲ್ಲಿ ತೆಗೆದ ಮುಖಗಳನ್ನೆಲ್ಲ ಕತ್ತಲೆ ಕೋಣೇಲಿ ತೊಳೆದು ತಂತಿಗೆ ಒಣಹಾಕಿದೋಳು ನಾನು. ಅವರ ಸಾಲಲ್ಲಿ ಇವಳನ್ನ ಹಾಕಲ್ಲ.”

“ವಿಮಲಾ…”

ಅವಳು ಬಟ್ಟೆಯ ಅಂಚನ್ನು ಎಳೆದು ಮಗುವಿನ ಮುಖ ಮುಚ್ಚಿ, ಅದರ ಮೇಲೆ ಅಂಗೈ ಇಟ್ಟಳು.

“ಬೇಡ.”