ಫ್ಲೆಕ್ಸಿನಲ್ಲಿರುವ ತಮ್ಮ

ಉಗುರಿನ ಮೇಲೆ ಶಾಯಿ ತಣ್ಣಗೆ ಹರಿದು ಚರ್ಮಕ್ಕಿಳಿಯಿತು, ಸ್ವಲ್ಪ ತಡೀರಿ ಒಣಗ್ಲಿ ಅಂದಳು ಮೇಜಿನ ಹಿಂದಿನ ಟೀಚರಮ್ಮ, ವನಜಾಕ್ಷಿ ತಡೆದಳು, ತ್ಯಾವಣಿಗೆಯ ಈ ಶಾಲೆಯೊಳಗೆ ಎಂಥ ಸೆಕೆ, ಹೊರಗೆ ರಸ್ತೆಯಾಚೆ ಗಂಡ ಕೆಂಚೇಶ್ ಪಕ್ಷದ ಶಾಲು ಹೊದ್ದು ನಿಂತಿದ್ದಾನೆ, ಬೆಳಿಗ್ಗೆ ಚಹಾ ಕುಡಿಯುತ್ತ ಅಂದಿದ್ದ, ಹೊನ್ನಾಳಿ ನ್ಯಾಮತಿ ನಮ್ಮವೇ, ಜಗಳೂರು ಸಮಸಮ ಐತೆ, ಚನ್ನಗಿರಿ ರೈತರು ಯಾವ ಕಡೆ ವಾಲ್ತಾರೋ ಅವ್ನೇ ದಿಲ್ಲಿಗೆ ಹೋಗೋದು, ನಿನ್ ತಮ್ಮನ್ನ ನೆನೆಸ್ಕೊಂಡು ಒತ್ತು — ನೆನೆಸಿಕೊಳ್ಳಬೇಕಂತೆ, ಮರೆತಿದ್ದರೆ ತಾನೆ, ತವರು ಗೋವಿನಕೋವಿಯಿಂದ ಬಂದು ಅಕ್ಕನ ಗದ್ದೆಯಲ್ಲಿ ತನ್ನದೇ ಎಂಬಂತೆ ದುಡಿದವನು ಪ್ರದೀಪ, ಹೋದ ಚುನಾವಣೆಗೆ ಮುಂಚೆ ನಾಲೆಯ ಕೊನೇ ಗದ್ದೆಗಳಿಗೆ ನೀರೇ ಬರಲಿಲ್ಲ, ಕೆಂಚೇಶನ ಪಕ್ಷದ ಲೀಡರು ಬಂದು, ಯಾರನ್ನ ಕೇಳೋದು, ತೂಬು ನಾವೇ ಎತ್ತೋಣ ಬರ್ರಿ ಅಂದ, ಊರೇ ಹೋಯಿತು, ಲೀಡರು ತೂಬಿನ ಕಬ್ಬಿಣದ ಚಕ್ರ ಹಿಡಿದು ಫೋಟೋ ತೆಗೆಸಿಕೊಂಡು ಕಾರು ಹತ್ತಿದ, ಚಕ್ರ ಮಾತ್ರ ಕದಲಲಿಲ್ಲ, ಕೊನೆಗೆ ಪ್ರದೀಪ ಅಂಚಿಗೆ ಹೋಗಿ ಬಗ್ಗಿ ಜಗ್ಗಿದ, ಜಗ್ಗಿದ, ತೂಬು ಒಮ್ಮೆಗೇ ಎದ್ದಿತು, ಬುತ್ತಿ ತಂದ ವನಜಾಕ್ಷಿ ನಾಲೆಯ ಏರಿಯ ಮೇಲೆ ನಿಂತಿದ್ದಳಲ್ಲ, ಕಂಡದ್ದು ಅಷ್ಟೇ — ಕೆಂಪು ನೀರಿನ ಮೇಲೆ ಅವನ ಅಂಗೈ, ಬೆರಳು ಅಗಲಿಸಿದ್ದು, ಆಮೇಲೆ ಬರೀ ನೀರು.

ಆಮೇಲೆ ಫ್ಲೆಕ್ಸು, ಮದುವೆ ಫೋಟೋದಿಂದ ಹೆಂಡತಿಯನ್ನು ಕತ್ತರಿಸಿ ಅವನೊಬ್ಬನನ್ನೇ ದೊಡ್ಡದು ಮಾಡಿ, ಪಕ್ಕದಲ್ಲಿ ಕೈಮುಗಿದ ಲೀಡರು, ಅಪ್ಪನ ಕಾಲದಿಂದ ಆಚೆ ಪಕ್ಷದ ಗುರುತಿಗೇ ಒತ್ತುತ್ತಿದ್ದ ಬೀದಿಗೆ ಬೀದಿಯೇ ಆ ಮುಖ ನೋಡಿ ಈಚೆ ತಿರುಗಿತು, ವನಜಾಕ್ಷಿಯೂ ಒತ್ತಿದಳು, ಗೆದ್ದರು, ಒಂದು ಬೆಳೆಗೆ ನೀರು ಬಂತು, ಮತ್ತೆ ಅದೇ ಕಥೆ — ಈಗ ಬಸ್‌ಸ್ಟ್ಯಾಂಡಿನಲ್ಲಿ ಅದೇ ಫ್ಲೆಕ್ಸು, ತನ್ನ ತಲೆ ನರೆತಿದೆ, ಅವನ ಮೀಸೆ ಹಾಗೇ ಕಪ್ಪಗೆ, ಅದರ ಕೆಳಗೇ ನಡೆದು ಬಂದಳು, ಮೇಲೆ ನೋಡಲಿಲ್ಲ, ನೋಡಿದರೆ ಎಲ್ಲಿ ಮಾತಾಡಿಸುತ್ತಾನೋ ಎಂದು, ಅಕ್ಕಾ ನನ್ನ ಕೆಳಗಿಳಿಸು ಅಂದರೆ ಏನು ಮಾಡುವುದು, ಮೊನ್ನೆ ಆಚೆ ಪಕ್ಷದ ಸತೀಶ್ ಕುಮಾರ್ ಜಗಲಿಗೆ ಬಂದು ಕೂತು, ಅಕ್ಕಾ ಅವ್ರು ನಿಮ್ ತಮ್ಮನ್ನ ಮಾರ್ಕೊಂಡ್ರು, ಈ ಸಲ ರೈತ್ರೆಲ್ಲ ನಮ್ ಕಡೆ ತಿರುಗ್ಯಾರೆ ಅಂದ, ತನ್ನ ಬಾಯಿಗೆ ಬಾರದ್ದನ್ನು ಇವನಾದರೂ ಅಂದನಲ್ಲ ಎಂದು ಅವಳ ಕಣ್ಣು ತುಂಬಿತ್ತು, ಏಳುವಾಗ ಅವನು ಮೆಲ್ಲಗೆ ಕೇಳಿದ, ಪ್ರದೀಪಣ್ಣಂದು ಬೇರೆ ಫೋಟೋ ಐತೇನಕ್ಕ, ಅವ್ರು ಹಾಕ್ದಿರೋದು — ಇಲ್ಲ ಅಂದಳು, ಟ್ರಂಕಿನಲ್ಲಿ ಇತ್ತು, ಇಲ್ಲ ಅಂದಳು, ಅವತ್ತಿನಿಂದ ಹಿಟ್ಟು ನಾದಿದರೂ ಬಟ್ಟೆ ಹಿಂಡಿದರೂ ಕಣ್ಣೆದುರು ಆ ಅಂಗೈ.

ಸಾಲಿನಲ್ಲಿ ಹಿಂದೆ ನಿಂತಿದ್ದ ಪಕ್ಕದ ಗದ್ದೆಯ ನೂರ್‌ಜಹಾನ್ ಕಿವಿಯ ಹತ್ತಿರ ಅಂದಿದ್ದಳು, ನಮ್ ಬೀದಿ ಮತ್ತೆ ತಿರುಗೈತೆ ವನಜಕ್ಕ, ನೀರು ಬರಾಕೆ ಅಲ್ಲ, ಗೆದ್ದೋರಿಗೆ ಒಂದಿಷ್ಟು ಹೆದ್ರಿಕೆ ಇರ್ಲಿ ಅಂತ — ಈಗ ರಟ್ಟಿನ ಮರೆಯಲ್ಲಿ ಅವಳೊಬ್ಬಳೇ, ಬೆರಳು ಗಂಡನ ಗುರುತಿನ ಹತ್ತಿರ ಹೋಯಿತು, ನಿಂತಿತು, ಕೆಳಗಿಳಿಯಿತು, ಆಚೆಯದನ್ನು ಒತ್ತಿದಳು, ಸತೀಶನಿಗೆಂದಲ್ಲ, ಆ ಫ್ಲೆಕ್ಸು ಇಳಿಯಲಿ ಎಂದು, ಅಷ್ಟಕ್ಕೇ, ಗುರುತಿನೆದುರು ದೀಪ ಹತ್ತಿತು, ಪಕ್ಕದ ಪೆಟ್ಟಿಗೆಯ ಗಾಜಿನ ಹಿಂದೆ ಬೆಳಕಾಗಿ ಚೀಟಿಯೊಂದು ತೂಗಿತು, ಅವಳು ಒತ್ತಿದ ಗುರುತೇ, ಇವರು ಗೆದ್ದರೆ ಇವರೂ ಕೇಳುತ್ತಾರೆ, ಐದು ವರ್ಷಕ್ಕೆ ಮತ್ತೆ ಕೇಳುತ್ತಾರೆ, ಬೇರೆ ಫೋಟೋ ಐತೇನಕ್ಕ — ಚೀಟಿ ತುಂಡಾಗಿ ಕತ್ತಲೆಗೆ ಬಿತ್ತು, ಕುಂಯ್ ಎಂದು ಮಿಷನ್ನು ಕೂಗಿತು, ಆಯ್ತಮ್ಮ ಬರ್ರಿ ಈಚೆ ಅಂದಳು ಟೀಚರಮ್ಮ, ಬರಬೇಕು, ಮತ್ತೊಮ್ಮೆ ಬಗ್ಗಿ ನೋಡಿದಳು, ಗಾಜಿನ ಹಿಂದೆ ಏನೂ ಇಲ್ಲ, ಇದೆ, ಅಂಗೈ, ಕೆಂಪು ನೀರು, ಅಗಲಿಸಿದ ಬೆರಳು, ಅಂಗೈ